ಮೇಣ ಬಿಟ್ಟು ಕಲ್ಲಿಗೆ

ಯಡಿಯೂರು ಕೆರೆಯ ಹಿಂದಿನ ಓಣಿಯಲ್ಲಿ ದೇವರಾಜನ ಮನೆಯಲ್ಲಿ ಎರಕವೆಂದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಬೆಳಗ್ಗೆಯೇ ಕುಲುಮೆ ಹೊತ್ತಿಕೊಳ್ಳುತ್ತಿತ್ತು. ಪಕ್ಕದ ಮನೆಯವರು ಗೊಣಗುತ್ತಾ ಒಣಹಾಕಿದ ಬಟ್ಟೆ ಒಳಗೆ ತೆಗೆದುಕೊಳ್ಳುತ್ತಿದ್ದರು. ಹೆಂಡತಿ ಕಲ್ಯಾಣಿ ಮೇಣದಲ್ಲಿ ಮಾಡಿದ ಮೂರ್ತಿಗೆ ಮಣ್ಣು ಮೆತ್ತಿ, ಒಣಗಿಸಿ, ಸುಟ್ಟು, ಒಳಗಿನ ಮೇಣವನ್ನೆಲ್ಲ ಹರಿದುಹೋಗುವಂತೆ ಮಾಡಿ, ಖಾಲಿಯಾದ ಜಾಗಕ್ಕೆ ಕಾದ ಕಂಚು ಹೊಯ್ಯುವುದು ದೇವರಾಜನ ಕೆಲಸ. ಹೊಯ್ಯುವ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಉಸಿರೆತ್ತುವಂತಿಲ್ಲ. ಅವನ ತಾಯಿ ಕೆಂಪಕ್ಕನಿಗೆ ಎಂಬತ್ತು ಹತ್ತಿರ ಬಂದರೂ ಬಾಯಿಗೆ ಬಿಡುವಿಲ್ಲ. ಆ ಬಾಯಿ ಮುಚ್ಚಿಸುವ ಶಕ್ತಿ ಇದ್ದದ್ದು ಕಾದ ಕಂಚೊಂದಕ್ಕೇ.

ಅಂಥದೇ ಒಂದು ದಿನ, ಯಾವುದೋ ಹಳ್ಳಿಯ ಸಮುದಾಯ ಭವನಕ್ಕೆ ಹೋಗಬೇಕಿದ್ದ ಬಾಬಾಸಾಹೇಬರ ಪ್ರತಿಮೆಯ ಎರಕ ಮುಗಿದು, ಎಲ್ಲರೂ ಶೆಡ್ಡಿನ ಬಾಗಿಲಲ್ಲೇ ಊಟಕ್ಕೆ ಕೂತಿದ್ದರು. ಎರಕದ ದಿನ ಮಟನ್ ಸಾರು, ಮುದ್ದೆ. ಕಲ್ಯಾಣಿ ಮುದ್ದೆ ಮುರಿಯುತ್ತಾ, ಸಾರಿಗೆ ಉಪ್ಪು ಕಮ್ಮಿ ಎನ್ನುವಷ್ಟು ಸಲೀಸಾಗಿ ಹೇಳಿದಳು.

"ಇದೇ ಕೊನೇದು. ಇನ್ಮೇಲೆ ನಾನು ಕಂಚು ಮಾಡಲ್ಲ. ಮಾರ್ಬಲ್ ಮಾಡ್ತೀನಿ."

"ನೆಲಕ್ಕಾ?" ಅಂದಳು ಕೆಂಪಕ್ಕ.

"ನೆಲಕ್ಕಲ್ಲ ಅತ್ತೆ. ಮೂರ್ತಿಗೆ. ಕಲ್ಲಲ್ಲಿ ಕೆತ್ತೋದು."

ಮಗ ನರೇಂದ್ರ ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿದ್ದ. ಯಾವುದನ್ನೂ ಒಮ್ಮೆ ಬಿಚ್ಚಿ ನೋಡದೆ ನಂಬುವ ಜಾತಿಯಲ್ಲ.

"ಅಮ್ಮ, ನಿಂಗೀಗ ಐವತ್ಮೂರು."

"ಗೊತ್ತು. ನಿನ್ನ ವಯಸ್ಸೂ ಗೊತ್ತು, ಹೆತ್ತೋಳು ನಾನೇ."

"ತಮಾಷೆ ಅಲ್ಲಮ್ಮ. ಆರ್ಡರ್ ಬರೋದೆಲ್ಲಾ ಕಂಚಿಗೆ. ಮೇಲಿನ ಫ್ಲೋರಿಂದು ಲೋನ್ ಇನ್ನೂ ನಡೀತಿದೆ."

"ನಡೀಲಿ. ನೀನಿದೀಯ, ವನಿತಾ ದುಡೀತಾಳೆ. ಸ್ವಲ್ಪ ದಿನ ನನ್ನ ಬಿಟ್ಬಿಡಿ."

ಸೊಸೆ ವನಿತಾ ಜಯನಗರ ಫೋರ್ತ್ ಬ್ಲಾಕಿನ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ತನ್ನ ದುಡಿಮೆಯ ಮಾತು ಬಂದದ್ದಕ್ಕೆ ಅವಳು ಅತ್ತೆಯ ಮುಖ ನೋಡಿ, ಇನ್ನಷ್ಟು ಸಾರು ಬಡಿಸಿಕೊಂಡಳು.

ದೇವರಾಜ ಒಂದೇ ಪ್ರಶ್ನೆ ಕೇಳಿದ. "ಕಲ್ಲಿಗೆ ಎರಕ ಇರಲ್ಲ ಅಲ್ವಾ?"

"ಇರಲ್ಲ."

ಅವನು ತಟ್ಟೆಯಲ್ಲಿ ಇನ್ನೂ ಅರ್ಧ ಮುದ್ದೆ ಇರುವಾಗಲೇ ಕೈ ತೊಳೆದ. ಇಪ್ಪತ್ತೈದರ ಹರೆಯದಲ್ಲಿ ಎರಕದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾಗ, ಚಿತ್ರಕಲಾ ಶಾಲೆಯ ಹುಡುಗಿಯೊಬ್ಬಳು ಮೇಣದ ಎಮ್ಮೆ ಹಿಡಿದು ಬಂದು, "ಅಣ್ಣಾ, ಕೊಂಬು ಮುರೀದಂಗೆ ಹೊಯ್ದುಕೊಡ್ತೀರಾ?" ಎಂದು ಕೇಳಿದ್ದಳು. ಕೊಂಬು ಮುರಿಯಲಿಲ್ಲ. ಅಣ್ಣಾ ಎನ್ನುವುದು ಮಾತ್ರ ಮೂರನೇ ಮೂರ್ತಿಯ ಹೊತ್ತಿಗೆ ನಿಂತುಹೋಯಿತು. ಮದುವೆಯಾದ ಮೇಲೆ ಹಿತ್ತಲಲ್ಲೇ ಕುಲುಮೆ ಕಟ್ಟಿದರು. ಅಂದಿನಿಂದ ಕಲ್ಯಾಣಿ ಮೇಣ, ಅವನು ಬೆಂಕಿ. ಬೆಂಕಿಯೇ ಬೇಡವಾದರೆ ಆ ಮನೆಯಲ್ಲಿ ತನಗೇನು ಕೆಲಸವೆಂದು ಯೋಚಿಸಿ ದೇವರಾಜನಿಗೆ ನಿಜವಾಗಿ ಭಯವಾಯಿತು.

ಕಲ್ಯಾಣಿ ಕೆಲವು ತಿಂಗಳಿಂದ ಟೆರೇಸಿನ ಮೇಲೆ ಮಾರ್ಬಲ್ ಚೂರುಗಳನ್ನು ಕುಟ್ಟುತ್ತಿದ್ದದ್ದು ಅವನಿಗೆ ಗೊತ್ತಿತ್ತು. ಹೊತ್ತು ಹೋಗದ್ದಕ್ಕೆ ಇರಬೇಕು ಎಂದುಕೊಂಡಿದ್ದ. ಮುಂದಿನ ವಾರ ಬಿಳೇಕಹಳ್ಳಿ ಕಡೆಯ ಅಂಗಡಿಯಿಂದ ಲಗೇಜ್ ಆಟೋದಲ್ಲಿ ರಾಗಿ ಮೂಟೆಯಷ್ಟು ದೊಡ್ಡ ಬಿಳಿ ದಿಮ್ಮಿ ಬಂದು ಮನೆ ಮುಂದೆ ನಿಂತಾಗ, ಹೊತ್ತು ಹೋಗದ್ದಕ್ಕೆ ಅಲ್ಲವೆಂದು ಖಾತ್ರಿಯಾಯಿತು.

"ನನ್ನೊಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ."

"ಅದಕ್ಕೇ ಕೇಳ್ಲಿಲ್ಲ. ಆ ಕಡೆ ಹಿಡ್ಕೊಳಿ ರೀ, ಆಟೋದೋನು ಕಾಯ್ತಿದಾನೆ."

ಬೈದುಕೊಂಡೇ ಹಿಡಿದುಕೊಂಡ. ಅವನು, ನರೇಂದ್ರ, ಆಟೋದವನು ಸೇರಿ ಕಲ್ಲನ್ನು ಇಳಿಸಿದರು. ಶೆಡ್ಡಿನ ತುಂಬ ಕುಲುಮೆ, ಕಂಚು ಕರಗಿಸುವ ಮೂಸೆ, ಇದ್ದಿಲು. ಹಾಗಾಗಿ ಕಲ್ಲು ಮುಂದಿನ ವರಾಂಡದಲ್ಲಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕ, ಸ್ಕೂಟರ್ ನಿಲ್ಲುವ ಜಾಗದಲ್ಲಿ ಕೂತಿತು.

"ಯಾರನ್ನ ಕೆತ್ತೋದು?" ಎಂದು ಕೆಂಪಕ್ಕ ವಿಚಾರಿಸಿದಳು.

"ನಿಮ್ಮನ್ನೇ ಅತ್ತೆ."

"ನನ್ ಮಕದಾಗೆ ಏನೈತೆ? ಬರೀ ಸುಕ್ಕು."

"ಅದೇ ಬೇಕು ನಂಗೆ."

"ಸತ್ತ ಮ್ಯಾಲೆ ಒಂದು ಫೋಟೋ ಹಾಕಿದ್ರೆ ಸಾಕು ಅಂತಿದ್ದೆ. ಈಗ್ಲೇ ಕಲ್ಲು ತಂದ್ಯಲ್ಲೇ!" ಎಂದು ಬೈದಳಾದರೂ, ಮರುದಿನ ಬೆಳಗ್ಗೆ ತಲೆಗೆ ಎಣ್ಣೆ ಹಚ್ಚಿ, ಹೊಸ ಸೀರೆ ಉಟ್ಟು ಎಲ್ಲರಿಗಿಂತ ಮುಂಚೆ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವಳು ಅವಳೇ.

ಅಲ್ಲಿಂದ ಮನೆ ಬೆಳ್ಳಗಾಯಿತು. ಕಲ್ಯಾಣಿ ಒದ್ದೆ ಬೆಡ್‌ಶೀಟುಗಳನ್ನು ಪರದೆಯ ಹಾಗೆ ಕಟ್ಟಿದಳು, ಕಲ್ಲಿನ ಮೇಲೆ ನೀರು ಚಿಮುಕಿಸಿದಳು, ಮೂಗಿಗೆ ಮಾಸ್ಕ್ ಹಾಕಿದಳು. ಧೂಳು ಅದಕ್ಕೆಲ್ಲ ಕ್ಯಾರೇ ಅನ್ನಲಿಲ್ಲ. ಟಿವಿಯ ಮೇಲೆ, ಹಾಲಿನಲ್ಲಿದ್ದ ಬುದ್ಧನ ಪಟದ ಗಾಜಿನ ಮೇಲೆ, ಮೊಸರಿನ ಪಾತ್ರೆಯ ಅಂಚಿಗೆ, ಎಲ್ಲೆಡೆ ಅದೇ.

"ಅತ್ತೆ, ನನ್ನ ಕಪ್ಪು ಪ್ಯಾಂಟ್ ನೋಡಿ. ಅಂಗಡೀಲಿ ಓನರ್ ಕೇಳ್ತಾರೆ, ಏನಮ್ಮಾ ಸುಣ್ಣ ಹೊಡ್ಯೋಕೆ ಹೋಗ್ತೀಯಾ ಅಂತ."

"ನಾಳೆಯಿಂದ ನಿನ್ನ ಬಟ್ಟೆ ನಾನೇ ಒಗೀತೀನಿ ವನಿತಾ."

"ಒಗೆಯೋದಲ್ಲ ಅತ್ತೆ ವಿಷ್ಯ. ಬೆಳಗ್ಗೆ ಎದ್ದು ನೆಲ ಒರೆಸ್ತೀನಿ, ತಿರುಗಿ ನೋಡೋಷ್ಟರಲ್ಲಿ ನನ್ನ ಹೆಜ್ಜೇನೇ ಕಾಣುತ್ತೆ."

"ಕಂಚಿನ ಹೊಗೆ ಇದ್ದಾಗ ನೀನು ಏನೂ ಅಂತಿರ್ಲಿಲ್ಲ."

"ಹೊಗೆ ತಿಂಗ್ಳಿಗೊಂದ್ ದಿನ ಇರ್ತಿತ್ತು. ಅವತ್ತು ಮಟನ್ ಬೇರೆ ಇರ್ತಿತ್ತು."

ಇದಕ್ಕೆ ಕಲ್ಯಾಣಿ ಜೋರಾಗಿ ನಕ್ಕಳು; ವನಿತಾಗೂ ನಗು ತಡೆಯಲಾಗಲಿಲ್ಲ. ಆದರೆ ನೆಲ ಒರೆಸುವ ಕೆಲಸ ಅಂದಿನಿಂದ ದೇವರಾಜನ ಪಾಲಿಗೆ ಬಂತು. ಮನೆಯಲ್ಲಿ ಕೈ ಖಾಲಿಯಿದ್ದವನು ಅವನೊಬ್ಬನೇ. ಒರೆಸುವುದರ ಹಿಂದೆಯೇ ಅಡುಗೆಯೂ ಬಂತು. ಕುಲುಮೆಯ ಉರಿಯ ಬಣ್ಣ ನೋಡಿ ಕಂಚು ಹದವಾಗಿದೆಯೋ ಇಲ್ಲವೋ ಹೇಳುತ್ತಿದ್ದ ಮನುಷ್ಯನಿಗೆ ಗ್ಯಾಸಿನ ಉರಿ ಮಾತ್ರ ತಿಳಿಯಲಿಲ್ಲ. ಮೊದಲ ದಿನದ ಹುರುಳಿಕಾಳಿನ ಬಸ್ಸಾರು ತಳ ಹಿಡಿಯಿತು.

"ಮಾವ, ಕಾಳು ಬೇಯೋಕೆ ಕಂಚಿನಷ್ಟು ಬಿಸಿ ಬೇಡ," ಅಂದಳು ವನಿತಾ.

"ತಿಂದ್ರೆ ತಿನ್ನಿ, ಇಲ್ದಿದ್ರೆ ಆ ಕಲ್ಲು ನೆಕ್ಕಿ ಎಲ್ಲರೂ."

ಕೆಂಪಕ್ಕನಿಗೆ ಎಡಗಿವಿ ಕೇಳುವುದಿಲ್ಲ, ಬಲಗಿವಿ ಬೇಕಾದ್ದನ್ನೆಲ್ಲ ಕೇಳುತ್ತದೆ. "ಲೋ ದೇವು," ಅಂದಳು, "ಸಾರು ಸೀದಿದ್ದು ಸಾರಿನ ಸಿಟ್ಟಲ್ಲ. ನಿನ್ ಸಿಟ್ಟು ಎಲ್ಲೈತೋ ಅಲ್ಲೇ ಹೋಗಿ ಹೇಳು."

ಸಿಟ್ಟು ಇದ್ದ ಕಡೆ ಹೋಗಿ ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ಬದಲಿಗೆ ಬೆಳಗ್ಗೆ ಕಾಫಿ ಕೊಡುವ ನೆಪದಲ್ಲಿ ವರಾಂಡದ ಬಾಗಿಲಿಗೆ ಒರಗಿ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡ. ತಪ್ಪು ಹಿಡಿಯಬೇಕೆಂದೇ ನಿಲ್ಲುತ್ತಿದ್ದ, ಸುಳ್ಳೇಕೆ. ಮೊದಮೊದಲು ತಪ್ಪುಗಳು ಕೇಳದೆಯೇ ಸಿಕ್ಕವು. ಸುತ್ತಿಗೆ ಜಾರಿ ಅವಳ ಹೆಬ್ಬೆರಳ ಉಗುರು ಕಪ್ಪಾಯಿತು. ಉಳಿಯನ್ನು ನೇರ ಹೊಡೆದಲ್ಲಿ ಕಲ್ಲಿನೊಳಗೆ ಬಿಳಿ ಮಚ್ಚೆ ಬಿದ್ದು, ಎಷ್ಟು ಉಜ್ಜಿದರೂ ಹೋಗಲಿಲ್ಲ. ಒಂದು ಇಡೀ ವಾರ ಅವಳು ಹಣೆಯ ಮೇಲಿನ ಕಲ್ಲನ್ನು ತೆಗೆಯುವುದರಲ್ಲೇ ಕಳೆದಳು. ಮೇಣದಲ್ಲಾದರೆ ಅಷ್ಟು ಕೆಲಸ ಒಂದು ಲೋಟ ಕಾಫಿ ಆರುವುದರೊಳಗೆ ಮುಗಿಸುವ ಕೈ ಅದು.

"ಕಷ್ಟ ಆಗ್ತಿದ್ಯಾ?" ಎಂದು ಒಂದು ದಿನ ಕೇಳಿದ. ಆಗುತ್ತಿದೆ ಅನ್ನಲಿ ಎಂಬ ಆಸೆ ಇತ್ತು.

"ತುಂಬಾ ಕಷ್ಟ ರೀ," ಅಂದಳು ಕಲ್ಯಾಣಿ. ಮಾಸ್ಕ್ ಕೆಳಗಿಳಿಸಿದಳು. ಹುಬ್ಬು, ರೆಪ್ಪೆ ಎಲ್ಲ ಬಿಳಿ. ಅದರ ನಡುವೆ ಕಣ್ಣು ಮಾತ್ರ ಮೇಣದ ಎಮ್ಮೆ ಹಿಡಿದು ಬಂದ ಹುಡುಗಿಯ ಹಾಗೆ ಹೊಳೆಯುತ್ತಿತ್ತು. "ಏನೂ ಬರಲ್ಲ ನಂಗೆ. ದಿನಾ ಬೆಳಗ್ಗೆ ಮೊದಲನೇ ಕ್ಲಾಸಿಗೆ ಹೋದಂಗಿದೆ."

ದೇಶದ ಎಷ್ಟೋ ಊರಿನ ಭವನಗಳಲ್ಲಿ ಅವಳು ಮಾಡಿದ ಕಂಚಿನ ಮೂರ್ತಿಗಳಿದ್ದವು. ಅಷ್ಟು ಹೆಸರು ಮಾಡಿದವಳು ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂತು, ಏನೂ ಬರುವುದಿಲ್ಲವೆಂದು ಇಷ್ಟು ಖುಷಿಯಿಂದ ಹೇಳುತ್ತಾಳಲ್ಲ ಎಂದು ದೇವರಾಜನಿಗೆ ಆಶ್ಚರ್ಯವಾಯಿತು. ತನ್ನಿಂದ ಅದು ಆಗುತ್ತಿರಲಿಲ್ಲ. ಅಂದು ಅವನು ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದ.

ಕೆಂಪಕ್ಕ ಕೂತಲ್ಲೇ ಕಥೆ ಹೇಳುತ್ತಿದ್ದಳು. ಜಯನಗರದಲ್ಲಿ ತಾನು ಇಟ್ಟಿಗೆ ಹೊತ್ತು ಕಟ್ಟಿದ ಮನೆಗಳ ಕಥೆ, ಮಗುವಾಗಿದ್ದ ದೇವುವನ್ನು ಮರಳಿನ ಗುಡ್ಡೆಯ ಮೇಲೆ ಮಲಗಿಸಿ ಕೆಲಸ ಮಾಡಿದ ಕಥೆ, ನೀರು ಕೇಳಿದರೆ ದೂರದಿಂದ ಹುಯ್ಯುತ್ತಿದ್ದ ಮನೆಯೊಡತಿಯರ ಕಥೆ. "ಮಾತಾಡ್ಬೇಡಿ ಅತ್ತೆ, ಬಾಯಿ ಅಲ್ಲಾಡುತ್ತೆ" ಎಂದು ಕಲ್ಯಾಣಿ ಒಮ್ಮೆಯೂ ಅನ್ನಲಿಲ್ಲ. ಕೇಳುತ್ತಾ ಕೇಳುತ್ತಾ ಹೊಡೆಯುತ್ತಿದ್ದಳು. ಕಲ್ಲಿನೊಳಗಿನಿಂದ ಎಡಗೆನ್ನೆಯೊಂದು ನಿಧಾನವಾಗಿ ಹೊರಗೆ ಬರುತ್ತಿತ್ತು.

ಆ ನಡುವೆ ಚಿಕ್ಕಲ್ಲಸಂದ್ರದಿಂದ ಮೌನೇಶ ಫೋನ್ ಮಾಡಿದ. ಹಳೆಯ ಗೆಳೆಯ, ಅಲ್ಲಿ ಎರಕದ ಶೆಡ್ ಇಟ್ಟಿದ್ದ. ಕುಲುಮೆ ಸುಮ್ಮನೆ ಇದ್ದರೆ ತನಗೆ ಕೊಡು, ಜೊತೆಗೆ ನೀನೂ ಬಂದರೆ ಇನ್ನೂ ಒಳ್ಳೆಯದು ಎಂದ. ರಾತ್ರಿ ಊಟಕ್ಕೆ ಕೂತಾಗ ದೇವರಾಜ ಅದನ್ನು ಹೇಳಿದ. ಹೇಳಿದ ರೀತಿಯಲ್ಲಿ ಚುಚ್ಚುವಂಥದ್ದು ಇತ್ತು.

"ಹೊರಗಿನೋರಿಗಾದ್ರೂ ನಾನು ಬೇಕಂತೆ."

ಕಲ್ಯಾಣಿ ತುತ್ತು ಕೆಳಗಿಟ್ಟಳು. "ನೀವು ಬೇಡ ಅಂತ ನಾನ್ಯಾವಾಗ ಅಂದೆ?"

"ಅನ್ನೋದೇನು, ಮಾಡಿ ತೋರಿಸ್ತಿದೀಯಲ್ಲ. ಒಬ್ಬಳೇ ಮಾಡೋ ಕೆಲಸ ಹುಡುಕ್ಕೊಂಡಿದೀಯ."

"ಹೌದು, ಹುಡುಕ್ಕೊಂಡಿದೀನಿ. ಯಾಕೆ ಅಂತ ಕೇಳಿದ್ರಾ ಒಂದಿನ?"

"ಹೇಳು."

"ನಾನು ಮಾಡೋದು ಮೇಣ ರೀ. ಮೇಣ ಕರಗಿ ಚರಂಡಿಗೆ ಹೋಗುತ್ತೆ. ಆಮೇಲೆ ನಿಂತಿರುತ್ತಲ್ಲ ಮೂರ್ತಿ, ಅದು ನೀವು ಹೊಯ್ದಿದ್ದು. ಜನ ಬಂದು ನನ್ನ ಕೈ ಮುಟ್ಟಿ ಹೊಗಳ್ತಾರೆ. ಪ್ರತಿ ಸಲ ನಂಗೆ ಅನ್ಸುತ್ತೆ, ಇವರು ತಪ್ಪು ಕೈ ಹಿಡ್ಕೊಂಡಿದಾರೆ ಅಂತ. ಈ ವಯಸ್ಸಿಗಾದ್ರೂ ನಾನು ಶಿಲ್ಪೀನಾ ಅಲ್ವಾ, ನಂಗೆ ಗೊತ್ತಾಗ್ಬೇಕು. ನೀವು ಪಕ್ಕದಲ್ಲಿಲ್ದೆ."

ಅದು ದೊಡ್ಡ ಮಾತು ಎಂದು ದೇವರಾಜನಿಗೆ ತಿಳಿಯಿತು. ಆದರೂ ಬಾಯಿಗೆ ಬಂದದ್ದು ಬೇರೆಯೇ.

"ಇದು ಗೊತ್ತಿದ್ರೆ ನನ್ನ ಹೆಸರೂ ಹಾಕ್ಬೇಕಿತ್ತು, ಕೆಳಗೆ."

"ಹಾಕ್ಬೇಕಿತ್ತು," ಅಂದಳು ಕಲ್ಯಾಣಿ. "ತಪ್ಪು ನಂದೇ."

ಜಗಳಕ್ಕೆ ಸಿದ್ಧನಾಗಿ ಕೂತವನಿಗೆ ಎದುರಿನವರು ಹೀಗೆ ಸಲೀಸಾಗಿ ಒಪ್ಪಿಕೊಂಡರೆ ಮುಂದೇನು ಮಾಡಬೇಕೆಂದು ತೋಚುವುದಿಲ್ಲ. ಅವನು ಅನ್ನ ಕಲಸಿದ, ಇನ್ನೂ ಸ್ವಲ್ಪ ಮೊಸರು ಹಾಕಿಸಿಕೊಂಡ. ಅಂದಿನಿಂದ ಇಬ್ಬರ ನಡುವೆ ಮಾತು ಬೇಕಾದಷ್ಟಕ್ಕೆ ಮಾತ್ರ ಉಳಿಯಿತು.

ಭಾನುವಾರ ಬೆಳಗ್ಗೆ ಎಲ್ಲರೂ ಮನೆಯಲ್ಲಿದ್ದರು. ವನಿತಾ ದೋಸೆ ಹುಯ್ಯುತ್ತಿದ್ದಳು. ದೇವರಾಜ ಕಾಫಿ ಹಿಡಿದು ವರಾಂಡದ ಬಾಗಿಲಿಗೆ ಬಂದ. ಕಲ್ಯಾಣಿ ಬಲಗಿವಿಯ ಮೇಲೆ ಕೆಲಸ ಮಾಡುತ್ತಿದ್ದಳು. ಓಲೆಯ ಭಾರಕ್ಕೆ ಜೋತುಬಿದ್ದ ಕೆಂಪಕ್ಕನ ಕಿವಿ ಕಲ್ಲಿನಲ್ಲಿ ಬಂದಿತ್ತು, ಆದರೆ ಇದ್ದದ್ದಕ್ಕಿಂತ ಸ್ವಲ್ಪ ಮುಂದಕ್ಕೆ ಕೂತಿತ್ತು. ಕಲ್ಯಾಣಿ ತಲೆ ಓರೆ ಮಾಡಿ ನೋಡಿದಳು. ಥೂ, ಸರಿಯಿಲ್ಲ ಎಂದುಕೊಂಡವಳಂತೆ ಕಿವಿಯ ಹಿಂದೆ ಉಳಿಯಿಟ್ಟು ಟಪ್ಪನೆ ಒಂದೇ ಏಟು ಹೊಡೆದಳು. ಕಿವಿ ಇಡಿಯಾಗಿ ಎದ್ದು ಚಪ್ಪಲಿಗಳ ನಡುವೆ ಬಿತ್ತು. ಅವಳ ಎಡಗೈ ಆಗಲೇ ಪಕ್ಕಕ್ಕೆ ಚಾಚಿಕೊಂಡಿತ್ತು. ಶೆಡ್ಡಿನಲ್ಲಿ ಕೂತು ಕೆಲಸ ಮಾಡುವಾಗ ಮೇಣದ ಡಬ್ಬ ಯಾವಾಗಲೂ ಇರುತ್ತಿದ್ದ ಜಾಗ ಅದು. ಸರಿಯಿಲ್ಲದ ಕಿವಿಯನ್ನು ಕಿತ್ತು, ಹೊಸ ಮೇಣ ತೆಗೆದುಕೊಂಡು, ಇನ್ನೊಂದು ಕಿವಿ ಅಂಟಿಸುವ ಕೈ.

ಕೈ ಅಲ್ಲೇ ಗಾಳಿಯಲ್ಲಿ ನಿಂತಿತು. ಅದನ್ನು ನೋಡಿದವನು ದೇವರಾಜನೊಬ್ಬನೇ, ಅದರ ಅರ್ಥ ಗೊತ್ತಿದ್ದವನೂ ಅವನೊಬ್ಬನೇ.

"ಏನೇ ಬಿತ್ತು?" ಅಂದಳು ಕೆಂಪಕ್ಕ. "ಕಿವಿಯಾ? ಯಾವ್ ಕಡೇದು?"

"ಬಲಗಡೇದು ಅತ್ತೆ."

"ಕೇಳೋ ಕಿವೀನೇ ಹೊಡೆದ್ಯಲ್ಲೇ! ಆ ಕಡೇದು ಯಾವ್ ಕೆಲ್ಸಕ್ಕೂ ಬರ್ತಿರ್ಲಿಲ್ಲ, ಅದನ್ ಹೊಡೀಬಾರ್ದಿತ್ತಾ?"

ಯಾರೂ ನಗಲಿಲ್ಲ. ಕಲ್ಯಾಣಿ ಉಳಿ ಕೆಳಗಿಟ್ಟು, ಕಾಲು ತೊಳೆದುಕೊಂಡು, ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನರೇಂದ್ರ ಚಪ್ಪಲಿಗಳ ನಡುವೆ ಹುಡುಕಿ ಕಿವಿಯನ್ನು ತಂದ.

"ಅಮ್ಮಾ, ಒಳ್ಳೆ ಗಮ್ ಬರುತ್ತೆ ಈಗ. ಗೊತ್ತೇ ಆಗಲ್ಲ."

"ನಂಗೆ ಗೊತ್ತಾಗುತ್ತಲ್ಲೋ."

ದೋಸೆ ತಿನ್ನಲು ಎದ್ದು ಬರಲಿಲ್ಲ. ಮಧ್ಯಾಹ್ನಕ್ಕೂ ಬರಲಿಲ್ಲ. ವನಿತಾ ತಟ್ಟೆ ಹಿಡಿದು ಹೋಗಿ, "ಅತ್ತೆ, ಧೂಳು ಅಂತ ನಾನು ಅಂದಿದ್ದೆಲ್ಲ ಮರೆತುಬಿಡಿ, ಎದ್ದು ಎರಡು ತುತ್ತು ತಿನ್ನಿ" ಎಂದು ಬೇಡಿಕೊಂಡಳು. ದೇವರಾಜ ಕಲ್ಲಿಗೆ ಗೋಣಿಚೀಲ ಹೊದಿಸಿದ. ಮುಂದಿನ ಕೆಲವು ದಿನ ವರಾಂಡದಿಂದ ಶಬ್ದವೇ ಇಲ್ಲ, ಒರೆಸಲು ನೆಲದ ಮೇಲೆ ಧೂಳೂ ಇಲ್ಲ.

ಆಮೇಲೊಂದು ಬೆಳಗ್ಗೆ ಕಲ್ಯಾಣಿ ಅಡುಗೆಮನೆಗೆ ಬಂದು ಒಗ್ಗರಣೆ ಹಾಕುತ್ತಿದ್ದವನ ಹಿಂದೆ ನಿಂತಳು.

"ರೀ, ಮೇಣ ಎಲ್ಲಿಟ್ಟಿದೀರಾ?"

"ಯಾಕೆ?"

"ಅತ್ತೇನ ಮೇಣದಲ್ಲೇ ಮಾಡ್ತೀನಿ. ಎರಕ ಹೊಯ್ಯೋಣ. ಭವನದೋರು ಒಂದು ಬುದ್ಧನ್ನೂ ಕೇಳಿದಾರಲ್ಲ, ಅದಕ್ಕೂ ಹೂಂ ಅಂದ್ಬಿಡಿ. ಕಲ್ಲು ಸಾಕು."

ಇಷ್ಟು ವಾರದಿಂದ ಯಾವ ಮಾತಿಗಾಗಿ ಕಾಯುತ್ತಿದ್ದನೋ ಅದು ಕೇಳದೆಯೇ ಬಂದಿತ್ತು. ಒಗ್ಗರಣೆ ಕಪ್ಪಾಗುವವರೆಗೆ ಅವನು ಹಾಗೇ ನಿಂತಿದ್ದ. ಆಮೇಲೆ ಗ್ಯಾಸ್ ಆರಿಸಿ ಅಟ್ಟ ಹತ್ತಿ ಮೇಣ ಇಳಿಸಿಕೊಟ್ಟ. ಅಂದು ಅವನು ಕುಲುಮೆಯ ಬೂದಿ ಬಾಚಿದ, ಮೂಸೆಯನ್ನು ತಟ್ಟಿ ಬಿರುಕಿದೆಯೇ ನೋಡಿದ, ಇಕ್ಕಳಕ್ಕೆ ಎಣ್ಣೆ ಹಾಕಿದ. ಬಾಯಲ್ಲಿ ಸಿಳ್ಳೆ. ನರೇಂದ್ರನಿಗೆ ಮಟನ್‌ಗೆ ಹೇಳಿದ್ದಾಯಿತು. ವನಿತಾ ಸಮಾಧಾನದಿಂದ ಪರದೆಗೆ ಕಟ್ಟಿದ್ದ ಬೆಡ್‌ಶೀಟುಗಳನ್ನು ಬಿಚ್ಚಿ ನೆನೆಹಾಕಿದಳು.

ಮೇಣದ ಕೆಂಪಕ್ಕ ಮಧ್ಯಾಹ್ನಕ್ಕೆಲ್ಲ ತಯಾರಾದಳು. ಕಲ್ಯಾಣಿ ಅತ್ತೆಯನ್ನು ಕೂರಿಸಲೂ ಇಲ್ಲ, ನೆನಪಿನಿಂದಲೇ ಮಾಡಿದಳು. ಕಿವಿ ಇರಬೇಕಾದ ಕಡೆಯೇ ಕೂತಿತ್ತು. ಮಣ್ಣು ಮೆತ್ತಲೆಂದು ದೇವರಾಜ ಅದನ್ನು ಹಲಗೆಯ ಮೇಲಿಟ್ಟುಕೊಂಡು ಶೆಡ್ಡಿನಿಂದ ಹೊರಗೆ ತಂದ. ಮಣ್ಣಿನ ಬಕೆಟ್ಟು ವರಾಂಡದಲ್ಲಿದ್ದದ್ದು ನೆನಪಾಗಿ ಆ ಕಡೆ ಹೋದ. ಕಲ್ಲಿನ ಮೇಲಿನ ಗೋಣಿಚೀಲ ಅರ್ಧ ಜಾರಿತ್ತು. ಸಂಜೆಯ ಬಿಸಿಲು ಎಡಗೆನ್ನೆಯ ಮೇಲೆ ಬಿದ್ದಿತ್ತು.

ಅವನು ಹಲಗೆಯನ್ನು ಪಕ್ಕಕ್ಕೆ ಸರಿಸಿ ನಿಲ್ಲಿಸಿದ್ದ ಸ್ಕೂಟರಿನ ಸೀಟಿನ ಮೇಲಿಟ್ಟು ಎರಡನ್ನೂ ನೋಡಿದ. ಮೇಣದ್ದು ಚೆನ್ನಾಗಿತ್ತು. ಓಣಿಯ ಯಾರು ನೋಡಿದರೂ ಕೆಂಪಕ್ಕ ಅನ್ನುತ್ತಿದ್ದರು. ಕಲ್ಲಿನ ಕೆನ್ನೆ ಬೇರೆ. ಉಳಿಯ ಗುರುತುಗಳು ಇನ್ನೂ ಹೋಗಿರಲಿಲ್ಲ, ಬಿಳಿ ಮಚ್ಚೆಗಳೂ ಇದ್ದವು. ಆದರೆ ಅಲ್ಲಿದ್ದ ಮುಖ ಬಿಸಿಲಲ್ಲಿ ಇಟ್ಟಿಗೆ ಇಳಿಸಿ, ಮರಳಿನ ಗುಡ್ಡೆಯ ಕಡೆ ತಿರುಗಿ, ಮಗು ಅಳುತ್ತಿದೆಯೇನೋ ಎಂದು ಆಲಿಸುವ ಹೆಂಗಸಿನದು. ಆ ಮಗು ತಾನು. ದೇವರಾಜನ ಕಣ್ಣ ತುಂಬ ನೀರು ಬಂತು. ಇಷ್ಟು ವರ್ಷ ಕಲ್ಯಾಣಿ ಕೊಟ್ಟ ಮೇಣಗಳನ್ನೆಲ್ಲ ಅವನು ಕಂಚಾಗಿಸಿದ್ದ, ಒಂದೊಂದರ ಮೇಲೂ ಪ್ರೀತಿಯಿತ್ತು. ಅವುಗಳಲ್ಲಿ ಯಾವುದೂ ಅವನನ್ನು ಹೀಗೆ ಅಳಿಸಿರಲಿಲ್ಲ.

ಕಲ್ಯಾಣಿ ಶೆಡ್ಡಿನಲ್ಲಿ ಮೇಣದ ಚೂರು ಗುಡಿಸುತ್ತಿದ್ದಳು. ಅವನು ಹಲಗೆಯನ್ನು ಅವಳ ಮುಂದಿಟ್ಟ.

"ನಾನಿದನ್ನ ಹೊಯ್ಯಲ್ಲ."

"ಇನ್ನೂ ಕೋಪನಾ?"

"ಕೋಪ ಅಲ್ಲ. ನೀನು ಆ ಕಲ್ಲು ಮುಗಿಸು."

"ನೋಡಿದ್ರಲ್ಲ ರೀ ನನ್ನ ಕೈ ಏನು ಮಾಡ್ತು ಅಂತ. ಇದು ಮೇಣದ ಕೈ. ಇನ್ನು ಬದಲಾಗಲ್ಲ."

"ಕಿವಿ ಬರ್ಲಿಲ್ಲ, ಒಪ್ತೀನಿ. ಕೆನ್ನೆ ಬಂದಿದೆ. ಆ ಥರದ ಕೆನ್ನೆ ನಾನು ಜನ್ಮದಲ್ಲಿ ಹೊಯ್ದಿಲ್ಲ ಕಲ್ಯಾಣಿ. ನೀನು ಶಿಲ್ಪಿ ಹೌದೋ ಅಲ್ವೋ ಗೊತ್ತಾಗ್ಬೇಕು ಅಂದ್ಯಲ್ಲ, ನಂಗೆ ಗೊತ್ತಾಯ್ತು."

ಅವನು ಜೇಬಿನಿಂದ ಫೋನ್ ತೆಗೆದ.

"ಯಾರಿಗೆ ಫೋನು?"

"ಮೌನೇಶನಿಗೆ. ಟೆಂಪೋ ತಗೊಂಡು ಬಾ ಅಂತ. ಕುಲುಮೆ ಕಳಿಸ್ತೀನಿ."

"ಹುಚ್ಚು ಹಿಡೀತಾ ನಿಮಗೆ? ನಿಮ್ಮ ಕೈಯಾರೆ ಕಟ್ಟಿದ್ದು!"

"ಇದು ಇಲ್ಲಿದ್ರೆ ಕಲ್ಲಲ್ಲಿ ಎಡವಿದಾಗೆಲ್ಲ ನೀನು ಇಲ್ಲಿಗೇ ಓಡಿ ಬರ್ತೀಯ. ನಾನೂ ಬಾ ಬಾ ಅಂತ ಕರೀತೀನಿ. ಇವತ್ತು ಬೆಳಗ್ಗೆಯಿಂದ ಸಿಳ್ಳೆ ಹೊಡೀತಾ ಓಡಾಡ್ದೆ, ನಾಚಿಕೆ ಆಗುತ್ತೆ. ನನ್ನ ಮೇಲೆ ನಂಗೇ ನಂಬಿಕೆ ಇಲ್ಲ."

"ಮತ್ತೆ ನೀವು? ನೀವೇನು ಮಾಡ್ತೀರಾ?"

"ಅದರ ಜೊತೆ ಹೋಗ್ತೀನಿ. ಬೆಳಗ್ಗೆ ಹೋಗೋದು, ಸಾಯಂಕಾಲ ಬರೋದು. ಭವನದ ಬುದ್ಧನಿಗೆ ಬೇರೆಯವರು ಮೇಣ ಮಾಡ್ಲಿ, ನಾನು ಹೊಯ್ತೀನಿ."

"ಈ ವಯಸ್ಸಲ್ಲಿ ಬೇರೆಯವರ ಹತ್ರ ಕೆಲಸಾನಾ?"

"ಹೊಯ್ಯೋನು ನಾನೇ ಅಂತ ಅಲ್ಲಿ ಎಲ್ಲರಿಗೂ ಗೊತ್ತಿರುತ್ತೆ," ಅಂದ ದೇವರಾಜ. ಹೇಳಿದ ಮೇಲೆ ಆ ಮಾತು ತನಗೆ ಎಷ್ಟು ಬೇಕಾಗಿತ್ತು ಎಂದು ಅವನಿಗೇ ಅರಿವಾಯಿತು.

ಕಲ್ಯಾಣಿ ಜಗಳವಾಡಿದಳು, ಅತ್ತಳು, ಅತ್ತೆಗೆ ಹೇಳಿದಳು. ಕೆಂಪಕ್ಕ ಮಗನ ಮುಖ ನೋಡಿ, "ಹೋಗ್ಲಿ ಬಿಡು, ಮನೇಲಿ ಕೂತು ಸಾರು ಸೀಸೋದು ತಪ್ಪುತ್ತೆ" ಎಂದು ತೀರ್ಪು ಕೊಟ್ಟಳು. ಮಟನ್ ತಂದಾಗಿತ್ತು, ಎರಕವಿಲ್ಲದೆಯೇ ತಿಂದರು.

ಮೌನೇಶ ಟೆಂಪೋ ತಂದು ಕುಲುಮೆಯನ್ನು ಬಿಡಿಬಿಡಿಯಾಗಿ ಒಯ್ದ. ಖಾಲಿಯಾದ ಶೆಡ್ಡಿಗೆ ನರೇಂದ್ರ ಎರಡು ಟ್ಯೂಬ್‌ಲೈಟ್ ಎಳೆದ, ಧೂಳು ಹೊರಗೆ ಎಳೆಯುವ ಫ್ಯಾನನ್ನೂ ಕೂರಿಸಿದ. ಆ ಫ್ಯಾನ್ ವನಿತಾಳ ಹಟ. ಎಲ್ಲರೂ ಸೇರಿ ಪೈಪುಗಳ ಮೇಲೆ ಉರುಳಿಸಿ ಕಲ್ಲನ್ನು ಒಳಗೆ ತಂದರು. ಕಲ್ಲಿನ ಬಲಗಡೆ ಕುತ್ತಿಗೆ, ದವಡೆ ಇನ್ನೂ ಒರಟಾಗಿಯೇ ಇದ್ದವು, ಅಲ್ಲಿ ಕಲ್ಲು ದಪ್ಪ ಉಳಿದಿತ್ತು. ಆ ಮಗ್ಗುಲನ್ನೆಲ್ಲ ಒಳಕ್ಕೆ ತೆಗೆದುಕೊಂಡು ಹೋದರೆ ಕಿವಿ ಇನ್ನೊಮ್ಮೆ ಸಿಗಬಹುದಿತ್ತು. ಸಿಗದೆಯೂ ಇರಬಹುದಿತ್ತು. ಕೆಂಪಕ್ಕ ಕುರ್ಚಿ ಎಳೆದುಕೊಂಡು ಮತ್ತೆ ಕೂತಳು.

ಸೋಮವಾರ ಬೆಳಗ್ಗೆ ದೇವರಾಜ ಇಸ್ತ್ರಿ ಮಾಡಿದ ಅಂಗಿ ತೊಟ್ಟ. ಕಲ್ಯಾಣಿ ಡಬ್ಬಿಗೆ ಚಪಾತಿ, ಪಲ್ಯ ಹಾಕಿ ಕೊಟ್ಟಳು. ಕೆಲಸಕ್ಕೆಂದು ಗಂಡನಿಗೆ ಡಬ್ಬಿ ಕಟ್ಟಿದ್ದು ಅದೇ ಮೊದಲು. ಅವನು ಚಿಕ್ಕಲ್ಲಸಂದ್ರದ ಬಸ್ಸು ಹಿಡಿದ. ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಮನೆಯ ಕಡೆಯೇ ಕಿವಿಯಿಟ್ಟಿದ್ದ, ಇಲ್ಲಿಗೆ ಸುತ್ತಿಗೆಯ ಶಬ್ದ ಕೇಳುವುದಿಲ್ಲವೆಂದು ಗೊತ್ತಿದ್ದರೂ.

ಸಂಜೆ ಇದ್ದಿಲ ಮಸಿ ಮೆತ್ತಿಕೊಂಡು ಮನೆಗೆ ಬಂದಾಗ ಅವಳು ಶೆಡ್ಡಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದಳು, ಮೈತುಂಬ ಬಿಳಿ. ಅವನು ಪಕ್ಕದಲ್ಲಿ ಕೂತ. ಏನೋ ಕೇಳಬೇಕು ಅನ್ನಿಸಿತು. ಮದುವೆಯಾದಾಗಿನಿಂದ ಪ್ರತಿ ದಿನದ ಕೆಲಸವನ್ನು ಇಬ್ಬರೂ ಒಂದೇ ಶೆಡ್ಡಿನಲ್ಲಿ ಮಾಡಿದ್ದರು. ಹಾಗಾಗಿ ಊರಿನ ಗಂಡ ಹೆಂಡಿರೆಲ್ಲ ಸಂಜೆಯಾದರೆ ಕೇಳಿಕೊಳ್ಳುವ ಪ್ರಶ್ನೆಯನ್ನು ಅವರಿಬ್ಬರೂ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅವನಿಗೆ ಹೊಸ ಮದುವೆ ಗಂಡಿನ ಹಾಗೆ ಸಂಕೋಚವಾಯಿತು.

"ಇವತ್ತು ಏನು ಮಾಡ್ದೆ?"

ಕಲ್ಯಾಣಿ ಅವನ ಕಡೆ ತಿರುಗಿದಳು. ಬಿಳಿ ರೆಪ್ಪೆಗಳ ನಡುವೆ ನೀರು ತುಂಬಿತು.

"ಕಿವಿ ಹತ್ರ ಒಂದು ಬೆರಳಷ್ಟು ಒಳಗೆ ಹೋದೆ. ಅಷ್ಟೇ."

"ಅಷ್ಟೇನಾ?"

"ಇಡೀ ದಿನ ಅಷ್ಟೇ ರೀ. ನೀವು?"

"ಹೇಳ್ತೀನಿ. ಮೊದಲು ಅದನ್ನ ತೋರಿಸು."

ಊಟಕ್ಕೆ ಕೆಂಪಕ್ಕ ಒಳಗಿನಿಂದ ಎರಡು ಸಲ ಕೂಗಿದಳು. ಇಬ್ಬರೂ ಬರಲಿಲ್ಲ.